ಕೈಗೆಟುಕುವ ಎಲೆಕ್ಟ್ರಿಕ್ ಗಿಟಾರ್: ಯಾವುದಕ್ಕೆ ಕೊಡಬೇಕು ದುಡ್ಡು?

ಎಲೆಕ್ಟ್ರಿಕ್ ಗಿಟಾರಿನ ದನಿ ಮುಖ್ಯವಾಗಿ ರೂಪುಗೊಳ್ಳುವುದು ತಂತಿಗಳ ಕೆಳಗಿರುವ ಪಿಕಪ್ಪಿನಲ್ಲಿ. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಮಿಡಿದಾಗ ಆ ಸುರುಳಿಯಲ್ಲಿ ಹುಟ್ಟುವ ಕಿರುವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸಿ ಕೇಳಿಸುತ್ತದೆ. ಆದ್ದರಿಂದ ಅಗ್ಗದ ಗಿಟಾರುಗಳನ್ನು ಹೋಲಿಸುವಾಗ ಒಡಲಿನ ಮರ ಯಾವುದೆಂದು ತಲೆ ಕೆಡಿಸಿಕೊಳ್ಳಬೇಡಿ. ಪಿಕಪ್ ನೋಡಿ, ಲೋಹದ ಬಿಡಿಭಾಗ ನೋಡಿ.

ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ 1954ರಲ್ಲಿ ಬಂತು. ಅದರ ಒಂಟಿ ಸುರುಳಿಯ ಪಿಕಪ್ಪುಗಳದು ಚುರುಕಾದ, ಗಂಟೆಯಂತೆ ಸ್ಪಷ್ಟವಾದ ದನಿ. ಆದರೆ ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯೂ ಅದರೊಳಗೆ ನುಸುಳುತ್ತದೆ. ಇದನ್ನು ಅಡಗಿಸಲೆಂದೇ ಗಿಬ್ಸನ್ ಕಂಪನಿಯ ಸೇತ್ ಲವರ್ 1950ರ ದಶಕದ ನಡುವಿನಲ್ಲಿ ಎರಡು ಸುರುಳಿಗಳನ್ನು ಜೋಡಿಸಿ ಹಂಬಕರ್ ರೂಪಿಸಿದರು. ಗದ್ದಲ ಅಡಗಿತು, ದನಿ ದಪ್ಪವಾಯಿತು. ಇಂದು ಫೆಂಡರಿನ ಅಗ್ಗದ ಸರಣಿ ಸ್ಕ್ವಾಯರ್, ಗಿಬ್ಸನ್ನಿನದು ಎಪಿಫೋನ್.

ಸ್ಕ್ವಾಯರಿನ ಅಫಿನಿಟಿ ಮಾದರಿಯಲ್ಲಿರುವುದು ಸೆರಾಮಿಕ್ ಅಯಸ್ಕಾಂತ. ಅದಕ್ಕಿಂತ ಸಾಕಷ್ಟು ದುಬಾರಿಯಾದ ಕ್ಲಾಸಿಕ್ ವೈಬ್‌ನಲ್ಲಿ ಆಲ್ನಿಕೊ ಎಂಬ ಮಿಶ್ರಲೋಹದ್ದು. ಎರಡನ್ನೂ ಒಂದೇ ಆಂಪ್‌ಗೆ ಹಚ್ಚಿ ಮೆಲ್ಲಗೆ ಮೀಟಿದರೆ ಆಲ್ನಿಕೊದ ಮೃದುತನ ಕಿವಿಗೆ ಬೀಳುತ್ತದೆ. ಡಿಸ್ಟಾರ್ಷನ್ ಏರಿಸಿ ನುಡಿಸುವವರಿಗೆ ಆ ಅಂತರ ಬಹುಮಟ್ಟಿಗೆ ಕರಗಿಹೋಗುತ್ತದೆ. ಅಂಥವರು ಹೆಚ್ಚಿನ ಬೆಲೆ ತೆರುವ ಅಗತ್ಯ ನನಗಂತೂ ಕಾಣದು.

ಎಪಿಫೋನ್ ಲೆಸ್ ಪಾಲ್‌ನ ತಂತಿಯ ಉದ್ದ ಸುಮಾರು 628 ಮಿಲಿಮೀಟರ್, ಸ್ಟ್ರಾಟ್‌ನದು 648. ಅದೇ ಶ್ರುತಿಗೆ ಕಡಿಮೆ ಬಿಗಿ ಸಾಕಾಗುವುದರಿಂದ ಹೊಸ ಬೆರಳುಗಳಿಗೆ ಲೆಸ್ ಪಾಲ್ ಸಲೀಸು. ಆದರೆ ಭಾರ ಹೆಚ್ಚು, ಗಿಟಾರ್ ಕೆಳಗೆ ಬಿದ್ದರೆ ಹಿಂದಕ್ಕೆ ಬಾಗಿದ ತಲೆ ಕುತ್ತಿಗೆಯಲ್ಲೇ ಮುರಿಯುವುದುಂಟು. ಸ್ಟ್ರಾಟ್‌ನ ಕುತ್ತಿಗೆಯನ್ನು ಸ್ಕ್ರೂ ಬಿಚ್ಚಿ ಬದಲಿಸಬಹುದು. ಲೆಸ್ ಪಾಲ್‌ನ ಅಂಟಿಸಿದ ಕುತ್ತಿಗೆಗೆ ಆ ಸೌಲಭ್ಯವಿಲ್ಲ.

ಯಾವ ಬಗೆಯ ಸಂಗೀತ ನುಡಿಸುತ್ತೇನೆಂದು ಇನ್ನೂ ನಿಶ್ಚಯವಿಲ್ಲದವರಿಗೆ ನನ್ನ ಆಯ್ಕೆ ಯಮಾಹಾ ಪೆಸಿಫಿಕಾ 112V. ಪೆಸಿಫಿಕಾ ಸರಣಿ ಶುರುವಾದದ್ದು 1990ರಲ್ಲಿ. ಎರಡು ಒಂಟಿ ಸುರುಳಿ, ಒಂದು ಹಂಬಕರ್. ಗುಂಡಿಯೊಂದನ್ನು ಎಳೆದರೆ ಹಂಬಕರ್ ಕೂಡ ಒಂಟಿ ಸುರುಳಿಯಾಗುತ್ತದೆ. ಒಂದೇ ಗಿಟಾರಿನಲ್ಲಿ ಎರಡೂ ಬಗೆ.

ಬೆರಳುಹಲಗೆಯ ಮರದ ಸಂಗತಿ ನಮ್ಮ ಕಾಡುಗಳಿಗೆ ಹತ್ತಿರದ್ದು. ಪಶ್ಚಿಮ ಘಟ್ಟದ ಬೀಟೆ ಜಗತ್ತಿನ ಗಿಟಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. 2017ರಲ್ಲಿ ಬೀಟೆಯೂ ಸೇರಿದ ಇಡೀ ಡಾಲ್ಬರ್ಜಿಯಾ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ, ಅಳಿವಿನಂಚಿನ ಜೀವಿಗಳನ್ನು ಕಾಯುವ ಸೈಟಿಸ್ ಒಪ್ಪಂದದ ಕಡಿವಾಣ ಬಿತ್ತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತಾದರೂ, ಅಷ್ಟರಲ್ಲಿ ಸ್ಕ್ವಾಯರ್, ಎಪಿಫೋನ್‌ಗಳ ಹಲವು ಮಾದರಿಗಳಿಗೆ ‘ಇಂಡಿಯನ್ ಲಾರೆಲ್’ ಬಂದಾಗಿತ್ತು. ಅದು ನಮ್ಮ ಮತ್ತಿ ಮರ. ಬೀಟೆಯಿಲ್ಲವೆಂದು ಅದನ್ನು ಕೀಳಾಗಿ ಕಾಣಬೇಕಿಲ್ಲ.

ಅಂಗಡಿಯಲ್ಲಿ ನಿಜವಾಗಿ ನೋಡಬೇಕಾದದ್ದು ಕೆಲಸದ ನಯ. ಕುತ್ತಿಗೆಯ ಅಂಚಿನಲ್ಲಿ ಅಂಗೈ ಜಾರಿಸಿ: ಫ್ರೆಟ್‌ಗಳ, ಅಂದರೆ ಬೆರಳುಹಲಗೆಯ ಲೋಹದ ಅಡ್ಡಪಟ್ಟಿಗಳ, ತುದಿ ಚುಚ್ಚಬಾರದು. ಒಣಹವೆಯಲ್ಲಿ ಮರ ಕುಗ್ಗಿದಾಗ ಅವು ಹೊರಚಾಚುತ್ತವೆ. ತಂತಿಯನ್ನು ಜಗ್ಗಿ ನುಡಿಸಿದ ಮೇಲೂ ಶ್ರುತಿ ನಿಲ್ಲಬೇಕು. ನಿಲ್ಲದಿದ್ದರೆ ಬಿರಡೆಗಿಂತ ಮೊದಲು ಅನುಮಾನಿಸಬೇಕಾದದ್ದು ಕುತ್ತಿಗೆಯ ತುದಿಯಲ್ಲಿ ತಂತಿಗಳನ್ನು ಹಿಡಿದಿಡುವ ನಟ್ ಪಟ್ಟಿಯ ಸೀಳನ್ನು, ಅಲ್ಲಿ ತಂತಿ ಸಿಕ್ಕಿಕೊಳ್ಳುತ್ತದೆ. ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿದ ಸ್ವರ, ಅಲ್ಲೇ ಬೆರಳು ಸೋಕಿಸಿ ಹೊರಡಿಸಿದ ಸ್ವರ ಎರಡೂ ಒಂದೇ ಆಗಿರಬೇಕು. ಆಗದಿದ್ದರೆ ಬ್ರಿಡ್ಜ್‌ನ ಸ್ಕ್ರೂ ತಿರುಗಿಸಿ ಸರಿಪಡಿಸಬಹುದು, ಅದೊಂದು ಕಾರಣಕ್ಕೆ ಒಳ್ಳೆಯ ಗಿಟಾರನ್ನು ಬಿಟ್ಟುಬರಬೇಡಿ.

ಎಲ್ಲ ಹಣವನ್ನೂ ಗಿಟಾರಿಗೇ ಸುರಿಯಬೇಡಿ. ಆಂಪ್‌ಗೆ, ಕೇಬಲ್ಲಿಗೆ, ಅನುಭವಿಯೊಬ್ಬರಿಂದ ತಂತಿಯ ಎತ್ತರ ಹೊಂದಿಸಿಕೊಳ್ಳುವ ಸೆಟಪ್ಪಿಗೆ ಮೊದಲೇ ಪಾಲು ತೆಗೆದಿಡಿ. ಹಣ ಸಾಲದಿದ್ದರೆ ಕ್ಲಾಸಿಕ್ ವೈಬ್ ಬಿಟ್ಟು ಅಫಿನಿಟಿಗೆ ಇಳಿಯಿರಿ, ಸೆಟಪ್ ಮಾತ್ರ ಬಿಡಬೇಡಿ.