ಮೇಜಿನ ಮೇಲೆ ಎಷ್ಟು ಪರದೆ?



ಕಂಪ್ಯೂಟರು ನಮ್ಮ ಊರುಗಳ ಕಚೇರಿ, ಅಂಗಡಿ, ಮನೆಗಳನ್ನು ಹೊಕ್ಕ ಮೇಲೆ ಹೊಸ ಪ್ರಶ್ನೆಗಳು ಹಲವು ಹುಟ್ಟಿಕೊಂಡಿವೆ. ಅವುಗಳಲ್ಲಿ ನೋಡುವುದಕ್ಕೆ ತೀರ ಸಣ್ಣದಾದ ಒಂದನ್ನು ಈ ಹೊತ್ತು ವಿಚಾರಕ್ಕೆ ಎತ್ತಿಕೊಂಡಿದ್ದೇನೆ. ಒಂದು ಮೇಜಿನ ಮೇಲೆ ಎಷ್ಟು ಮಾನಿಟರುಗಳಿರಬೇಕು? ಒಂದು ಸಾಕೆ, ಎರಡು ಬೇಕೆ, ಮೂರಿದ್ದರೆ ಕೆಲಸ ಮೂರು ಪಟ್ಟು ಸಾಗೀತೆ? ಇದು ಯಂತ್ರ ಮಾರುವವರು ಉತ್ತರಿಸಬೇಕಾದ ಪ್ರಶ್ನೆಯೆಂದು ತೋರಬಹುದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನ ತಮ್ಮ ಹೊಲದ ಉತಾರ ಪಡೆಯಲು ಹೋಗಿ ನಿಂತ ಮೇಜುಗಳನ್ನು ನೆನೆದರೆ, ಈ ಪ್ರಶ್ನೆಯ ಒಳಗೆ ನ್ಯಾಯದ ಪ್ರಶ್ನೆಯೊಂದು ಅಡಗಿರುವುದು ಕಾಣುತ್ತದೆ.

ಮೊದಲು ಶಬ್ದವನ್ನೇ ನೋಡೋಣ. ಮಾನಿಟರಿನ ಮುಖವನ್ನು ನಾವು ಪರದೆ ಎನ್ನುತ್ತೇವೆ. ಪರದೆಯೆಂದರೆ ಮರೆಮಾಡುವ ವಸ್ತು. ನಮ್ಮ ಬಯಲಾಟಗಳಲ್ಲಿ ವೇಷಧಾರಿಯ ಪ್ರವೇಶಕ್ಕೆ ಮುನ್ನ ಅವನ ಮುಂದೆ ತೆರೆ ಹಿಡಿಯುತ್ತಾರೆ. ಅದು ಸರಿದ ಮೇಲೆಯೇ ಪಾತ್ರ ಕಾಣುವುದು. ಕಂಪ್ಯೂಟರಿನ ಪರದೆ ಇದಕ್ಕೆ ವಿರುದ್ಧವಾಗಿ ತೋರಿಸುವುದಕ್ಕೆಂದು ಹುಟ್ಟಿದ್ದು. ಆದರೂ ಕಚೇರಿಯ ಮೇಜಿನಾಚೆ ನಿಂತವನಿಗೆ ಅದರ ಬೆನ್ನು ಮಾತ್ರ ಕಾಣುತ್ತದೆ. ಅವನ ಮಟ್ಟಿಗೆ ಅದು ಹಳೆಯ ಅರ್ಥದ ಪರದೆಯೇ ಸರಿ.

ಈ ಬೆನ್ನಿನ ತೊಡಕನ್ನು ಕರ್ನಾಟಕದಲ್ಲಿ ಮನಗಂಡು ಪರಿಹಾರ ಹುಡುಕಿದ ಒಂದು ಉದಾಹರಣೆ ಉಂಟು. ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ಜಾರಿಗೆ ಬಂತು. ಅಲ್ಲಿಯವರೆಗೆ ರಾಜ್ಯದ ಹೊಲಗದ್ದೆಗಳ ಹಕ್ಕಿನ ದಾಖಲೆಗಳು ಸುಮಾರು 9,000 ಗ್ರಾಮ ಲೆಕ್ಕಿಗರ, ನಮ್ಮ ಕಡೆಯ ಮಾತಿನಲ್ಲಿ ತಲಾಠಿಗಳ, ಕೈಬರಹದ ಪುಸ್ತಕಗಳಲ್ಲಿದ್ದವು. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಎರಡು ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ಅಂದಿನ 177 ತಾಲೂಕು ಕೇಂದ್ರಗಳಲ್ಲಿ ಕಿಂಡಿಗಳನ್ನು ತೆರೆದು, ಹದಿನೈದು ರೂಪಾಯಿಗೆ ಒಂದು ಪಹಣಿಯಂತೆ ಕೊಡುವ ವ್ಯವಸ್ಥೆ ಮಾಡಲಾಯಿತು. ಆಗ ಚಿಕ್ಕೋಡಿ, ರಾಯಬಾಗ, ಅಥಣಿಗಳು ತಾಲೂಕುಗಳಾಗಿದ್ದವು. ನಿಪ್ಪಾಣಿ ಚಿಕ್ಕೋಡಿಗೂ ಕಾಗವಾಡ ಅಥಣಿಗೂ ಸೇರಿದ್ದವು. ಈ ಎರಡು ಊರುಗಳು ಇಂದು ತಾವೇ ತಾಲೂಕು ಕೇಂದ್ರಗಳು.

ಈ ಯೋಜನೆಯ ವಿಷಯದಲ್ಲಿ ಜನ ಸಾಮಾನ್ಯವಾಗಿ ಹೊಗಳುವುದು ವೇಗವನ್ನು. ನನಗೆ ಹೆಚ್ಚು ಮಹತ್ವದ್ದಾಗಿ ಕಾಣುವುದು ಅದರ ಒಂದು ಸಣ್ಣ ಏರ್ಪಾಡು. ಕಿಂಡಿಯ ಮೇಜಿನ ಮೇಲೆ ಎರಡು ಪರದೆಗಳಿರಬೇಕು, ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ರೈತನ ಕಡೆಗೆ ಎಂದು ಯೋಜಿಸಿದವರು ಗೊತ್ತುಮಾಡಿದ್ದರು. ಒಳಗೆ ಕುಳಿತವನು ಏನು ತೆರೆಯುತ್ತಾನೆ, ಏನು ಬರೆಯುತ್ತಾನೆ ಎಂಬುದು ಹೊರಗೆ ನಿಂತವನಿಗೂ ಅದೇ ಗಳಿಗೆಯಲ್ಲಿ ಕಾಣಬೇಕೆಂಬುದು ಅದರ ಉದ್ದೇಶ. 2010ರಲ್ಲಿ ಆಧಾರ್ ನೋಂದಣಿ ಆರಂಭವಾದಾಗಲೂ ಇದೇ ವಿವೇಕ ಕಾಣಿಸಿತು. ನೋಂದಣಿ ಕೇಂದ್ರದ ಸಾಮಗ್ರಿಗಳಲ್ಲಿ, ನೋಂದಾಯಿಸಿಕೊಳ್ಳುವವರು ತಮ್ಮ ಹೆಸರು ವಿಳಾಸಗಳನ್ನು ಓದಿ ನೋಡಲೆಂದೇ ಇನ್ನೊಂದು ಮಾನಿಟರನ್ನು ಸೇರಿಸಲಾಯಿತು.

ಇದರ ಅಗತ್ಯವೇನೆಂದು ಕೇಳಬಹುದು. ಎಕರೆಗೆ ನಾಲ್ವತ್ತು ಗುಂಟೆ ಎಂಬುದು ನಿಮಗೆ ಗೊತ್ತಿದೆ. 4 ಎಕರೆ 3 ಗುಂಟೆ ಎಂದು ಇರಬೇಕಾದಲ್ಲಿ ಅಂಕಿಗಳು ಹಿಂದುಮುಂದಾಗಿ 3 ಎಕರೆ 4 ಗುಂಟೆ ಎಂದು ಬಿತ್ತೆನ್ನಿ. ಬೆರಳಿನ ಒಂದು ತಪ್ಪಿಗೆ 39 ಗುಂಟೆ, ಎಂದರೆ ಎಕರೆಗೆ ಒಂದೇ ಗುಂಟೆ ಕಡಿಮೆ, ಕಾಗದದ ಮೇಲಿಂದ ಮಾಯವಾಗುತ್ತದೆ. ಅದನ್ನು ಉಳಿಸುವ ಗುಂಡಿ ಒತ್ತುವ ಮೊದಲು ರೈತ ಕಂಡರೆ, ತಿದ್ದುಪಡಿ ಅರೆಗಳಿಗೆಯ ಕೆಲಸ. ದಾಖಲಾದ ಮೇಲೆ ಕಂಡರೆ ಅರ್ಜಿ, ಆಧಾರ ಪತ್ರಗಳು, ವಿಚಾರಣೆ, ತಹಸೀಲ್ದಾರರ ಆದೇಶ. ಕಾಣದೆಯೇ ಹೋದರೆ ಅದು ಮಕ್ಕಳ ಕಾಲಕ್ಕೆ ವ್ಯಾಜ್ಯವಾಗಿ ಎದ್ದೇಳುತ್ತದೆ. ಎರಡನೆಯ ಪರದೆಯ ಬೆಲೆಯನ್ನು ಇದರ ಪಕ್ಕದಲ್ಲಿಟ್ಟು ತೂಗಬೇಕು.

ತೂಗುವ ಮಾತು ಬಂದುದರಿಂದ ಹೇಳುತ್ತೇನೆ: ಈ ತತ್ವ ನಮ್ಮ ಭಾಗಕ್ಕೆ ಹೊಸದಲ್ಲ. ಕಿರಾಣಿ ಅಂಗಡಿಯ ವಿದ್ಯುತ್ ತಕ್ಕಡಿಯಲ್ಲಿ ಅಂಕಿಗಳು ಎರಡೂ ಕಡೆ ಬೆಳಗುತ್ತವೆ. ಕಬ್ಬಿನ ಗಾಡಿ ಕಾರ್ಖಾನೆಯ ಕಾಟಾದ ಮೇಲೆ ನಿಂತಾಗ ಒಳಗಿನ ಗುಮಾಸ್ತ ನೋಡುವ ತೂಕವೇ ಹೊರಗಿನ ದೊಡ್ಡ ಅಂಕಿಯ ಫಲಕದ ಮೇಲೆ ಬಂದರೆ ಬೆಳೆಗಾರನ ಮನಸ್ಸು ನೆಮ್ಮದಿಯಾಗುತ್ತದೆ. ಹಳೆಯ ದನದ ಸಂತೆಗಳಲ್ಲಿ ಶಲ್ಯದ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದ ರೂಢಿ ಇದಕ್ಕೆ ತದ್ವಿರುದ್ಧ. ಅಲ್ಲಿ ದಲಾಲಿಗೆ ಕಂಡದ್ದು ದನದ ಒಡೆಯನಿಗೆ ಕಾಣುತ್ತಿರಲಿಲ್ಲ.

ಇನ್ನು ಮೇಜಿನ ಈಚೆಗೆ, ಕೆಲಸ ಮಾಡುವವರ ಕಡೆಗೆ ಬರೋಣ. ಒಬ್ಬನೇ ಮನುಷ್ಯ ತನಗಾಗಿ ಎಷ್ಟು ಪರದೆ ಇಟ್ಟುಕೊಳ್ಳಬೇಕು? ಇದಕ್ಕೆ ಉತ್ತರ ಅವನು ಮಾಡುವ ಕೆಲಸದಲ್ಲಿದೆ. ಒಂದೇ ಗಳಿಗೆಯಲ್ಲಿ ಎಷ್ಟು ಬರಹಗಳನ್ನು ಹೋಲಿಸಿ ನೋಡಬೇಕಾಗಿದೆ ಎಂಬುದೇ ಅಳತೆಗೋಲು.

ಗಡಿಭಾಗದ ಒಂದು ಹೊಲದ ಚರಿತ್ರೆಯನ್ನೇ ತೆಗೆದುಕೊಳ್ಳಿ. 1956ರ ನವೆಂಬರ್ 1ರವರೆಗೆ ಈ ಪ್ರದೇಶ ಮುಂಬಯಿ ರಾಜ್ಯಕ್ಕೆ ಸೇರಿತ್ತು. ರಾಯಬಾಗ ಅದಕ್ಕೂ ಮೊದಲು ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಆದುದರಿಂದ ಇಲ್ಲಿಯ ಮನೆತನಗಳ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕಾಗದ ಮೋಡಿ ಲಿಪಿಯಲ್ಲಿ, ತಂದೆಯ ಕಾಲದ ‘ಸಾತ್‌ಬಾರಾ’ ಉತಾರ ದೇವನಾಗರಿಯ ಮರಾಠಿಯಲ್ಲಿ, ಮಗನ ಪಹಣಿ ಕನ್ನಡದಲ್ಲಿ ಇರುವುದು ಆಶ್ಚರ್ಯವಲ್ಲ. ಒಂದು ಹೊಲ, ಮೂರು ಲಿಪಿ. ಇವನ್ನು ಹೊಂದಿಸಿ ಖರೀದಿಪತ್ರವನ್ನೋ ವಾಟಣಿಪತ್ರವನ್ನೋ ಸಿದ್ಧಪಡಿಸುವ ಪತ್ರಬರಹಗಾರನಿಗೆ, ಅನುವಾದಕನಿಗೆ, ವಕೀಲನಿಗೆ ಎರಡು ಪರದೆ ಆಡಂಬರವಲ್ಲ. ಒಂದರ ಮೇಲೆ ಮೂಲದ ಚಿತ್ರ, ಇನ್ನೊಂದರ ಮೇಲೆ ತಾನು ಬರೆಯುತ್ತಿರುವ ಪಾಠ.

ಗ್ರಂಥಸಂಪಾದನೆಯ ಅಭ್ಯಾಸವುಳ್ಳವರಿಗೆ ಇದರ ಕಾರಣ ಸುಲಭವಾಗಿ ತಿಳಿದೀತು. ಹಸ್ತಪ್ರತಿಗಳನ್ನು ನಕಲು ಮಾಡುವ ಲಿಪಿಕಾರನ ಕಣ್ಣು ಮೂಲದಿಂದ ತನ್ನ ಓಲೆಗೆ, ಓಲೆಯಿಂದ ಮರಳಿ ಮೂಲಕ್ಕೆ ಓಡಾಡುತ್ತಿರುತ್ತದೆ. ಎರಡು ಸಾಲುಗಳು ಒಂದೇ ಪದದಿಂದ ಮುಗಿದಿದ್ದರೆ, ಮರಳಿ ಬಂದ ಕಣ್ಣು ಮೊದಲನೆಯದರ ಬದಲು ಎರಡನೆಯದರ ಮೇಲೆ ಇಳಿದು, ನಡುವಿನ ಸಾಲು ಬಿಟ್ಟುಹೋಗುತ್ತದೆ. ಒಂದೇ ಪರದೆಯಲ್ಲಿ ಮೂಲವನ್ನು ಮುಚ್ಚಿ ತನ್ನ ಬರಹವನ್ನು ತೆರೆದು, ಮತ್ತೆ ಅದನ್ನು ಮುಚ್ಚಿ ಇದನ್ನು ತೆರೆಯುವವನ ಪಾಡೂ ಅದೇ. ನಡುವೆ ‘214/2ಅ/1’ ಎಂಬಂಥ ಸರ್ವೆ ನಂಬರನ್ನು ಅವನು ನೆನಪಿನಲ್ಲಿ ಹಿಡಿದುಕೊಂಡಿರಬೇಕು. ನೆನಪು ಜಾರಿದಲ್ಲಿ ತಪ್ಪು ನುಸುಳುತ್ತದೆ. ಎರಡೂ ಪಾಠಗಳು ಒಟ್ಟಿಗೆ ಕಣ್ಣೆದುರಿಗಿದ್ದರೆ ನೆನಪಿನ ಹೊರೆ ಕಣ್ಣಿಗೆ ವರ್ಗವಾಗುತ್ತದೆ. ಕಣ್ಣು ಮತ್ತೆ ಮತ್ತೆ ನೋಡಿ ಖಚಿತಪಡಿಸಿಕೊಳ್ಳಬಲ್ಲದು.

ಹಾಗಾದರೆ ಎರಡು ಮಾನಿಟರುಗಳೇ ಆಗಬೇಕೆ? ಹಾಗೇನೂ ಇಲ್ಲ. ಅಗಲವಾದ ಒಂದೇ ಪರದೆಯೂ ಸಾಕಾದೀತು. ಲೆಕ್ಕ ಹಾಕಿ ನೋಡೋಣ. ಕಚೇರಿಯಲ್ಲಿ ಬಳಸುವ ಎ-4 ಹಾಳೆಯ ಅಗಲ 21 ಸೆಂಟಿಮೀಟರು, ಎತ್ತರ ಸುಮಾರು 30. ಇಂದು ಸಾಮಾನ್ಯವಾದ 24 ಇಂಚಿನ ಅಗಲ ಮಾದರಿಯ ಮಾನಿಟರಿನ ಪರದೆ ಸುಮಾರು 53 ಸೆಂಟಿಮೀಟರು ಅಗಲ, 30 ಸೆಂಟಿಮೀಟರು ಎತ್ತರ. ಎಂದರೆ ಎರಡು ಹಾಳೆಗಳು ಹೆಚ್ಚುಕಡಿಮೆ ನಿಜಗಾತ್ರದಲ್ಲೇ ಅಕ್ಕಪಕ್ಕ ಕೂರುತ್ತವೆ. 14 ಇಂಚಿನ ಲ್ಯಾಪ್‌ಟಾಪಿನ ಪರದೆ 31 ಸೆಂಟಿಮೀಟರು ಅಗಲ, ಹದಿನೇಳೂವರೆ ಎತ್ತರ; ಅದರಲ್ಲಿ ಒಂದು ಹಾಳೆಯೂ ನಿಜಗಾತ್ರದಲ್ಲಿ ಪೂರ್ತಿ ಕಾಣದು. ಆದುದರಿಂದ ಲ್ಯಾಪ್‌ಟಾಪು ಇರುವವರಿಗೆ ಒಂದು ಮಾನಿಟರನ್ನು ಜೋಡಿಸಿಕೊಳ್ಳುವುದು ಲಾಭದ ಮಾತು. ದೊಡ್ಡ ಪರದೆಯೊಂದು ಇರುವವರು ಎರಡನೆಯದನ್ನು ಕೊಳ್ಳುವ ಮುನ್ನ ಇರುವುದನ್ನೇ ಎರಡು ಭಾಗ ಮಾಡಿ ಬಳಸಿ ನೋಡುವುದು ಲೇಸು.

ಹೆಚ್ಚಾದಷ್ಟೂ ಒಳ್ಳೆಯದೆಂಬ ಭ್ರಮೆಗೆ ನಮ್ಮ ದೇಹವೇ ಅಡ್ಡ ಬರುತ್ತದೆ. ಕಣ್ಣು ಅಕ್ಷರಗಳನ್ನು ನಿಚ್ಚಳವಾಗಿ ಓದಬಲ್ಲದ್ದು ನೋಟದ ನಡುವಿನ ಒಂದೆರಡು ಡಿಗ್ರಿಗಳಷ್ಟು ಕಿರಿದಾದ ವಲಯದಲ್ಲಿ ಮಾತ್ರ. ಮೂರು ಪರದೆಗಳಿದ್ದರೂ ಓದುವುದು ಒಂದೊಂದೇ ಸಾಲು. ಉಳಿದುದಕ್ಕೆ ಕೊರಳು ತಿರುಗಬೇಕು. ದಿನವಿಡೀ ಒಂದೇ ಪಕ್ಕಕ್ಕೆ ಕೊರಳು ಹೊರಳಿಸಿ ಕುಳಿತವನಿಗೆ ನೋವು ತಪ್ಪದು. ಆದ್ದರಿಂದ ಹೆಚ್ಚು ಹೊತ್ತು ನೋಡುವ ಪರದೆ ನೇರ ಎದುರಿಗಿರಲಿ, ಇನ್ನೊಂದು ಅದಕ್ಕೆ ತಾಗಿಕೊಂಡು ಸ್ವಲ್ಪ ಒಳಮುಖವಾಗಿರಲಿ. ಎರಡನ್ನೂ ಸಮನಾಗಿ ನೋಡುವವರು ಅವುಗಳ ಸಂಧಿಯನ್ನು ಮೂಗಿನ ನೇರಕ್ಕೆ ಇಟ್ಟುಕೊಳ್ಳಲಿ. ಪರದೆ ತೋಳಿನಳತೆಯ ದೂರದಲ್ಲಿದ್ದು, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಬೇಕು. ನನ್ನ ವಯಸ್ಸಿನವರು, ಎರಡು ತುಂಡಿನ ಕನ್ನಡಕದವರು, ಇನ್ನಷ್ಟು ಕೆಳಗಿಳಿಸುವುದು ಉತ್ತಮ. ಇಲ್ಲವಾದರೆ ಕೆಳಗಿನ ತುಂಡಿನಿಂದ ಓದಲು ತಲೆಯನ್ನು ಹಿಂದಕ್ಕೆ ಎತ್ತಬೇಕಾಗುತ್ತದೆ. ಇನ್ನು ವಿದ್ಯುತ್ತು. ಇಂದಿನ ಮಾನಿಟರು ತಿನ್ನುವುದು ಸುಮಾರು 20 ವಾಟು, ಹೆಚ್ಚೇನಲ್ಲ. ಆದರೂ ಕರೆಂಟು ಹೋಗುವ ಊರಿನಲ್ಲಿ ಯು.ಪಿ.ಎಸ್. ಎಷ್ಟು ಹೊತ್ತು ಬಂದೀತೆಂಬ ಲೆಕ್ಕದಲ್ಲಿ ಅದೂ ಸೇರುತ್ತದೆ.

ಮೂರು ನಾಲ್ಕು ಪರದೆಗಳು ನಿಜವಾಗಿ ಬೇಕಾಗುವುದು ಕಾವಲಿನ ಕೆಲಸಕ್ಕೆ. ಸಕ್ಕರೆ ಕಾರ್ಖಾನೆಯ ನಿಯಂತ್ರಣ ಕೊಠಡಿಯಲ್ಲಿ ಗಾಣ, ಬಾಯ್ಲರು, ವಿದ್ಯುತ್ ಉತ್ಪಾದನೆ ಇವೆಲ್ಲದರ ಸ್ಥಿತಿ ಎಡೆಬಿಡದೆ ಕಾಣುತ್ತಿರಬೇಕು. ಅಲ್ಲಿ ಓದುವುದಲ್ಲ, ಕೆಂಪು ದೀಪ ಹೊತ್ತಿತೇ ಎಂದು ಗಮನಿಸುವುದು ಮುಖ್ಯ. ಕಥೆ, ಕವಿತೆ, ಪ್ರಬಂಧ ಬರೆಯುವವರಿಗಂತೂ ಒಂದೇ ಪರದೆ ಸಾಕು. ಪಕ್ಕದ ಪರದೆಯಲ್ಲಿ ಸುದ್ದಿ, ಪತ್ರ, ಚಿತ್ರಗಳು ಕುಣಿಯುತ್ತಿದ್ದರೆ ಬರವಣಿಗೆ ಸಾಗುವುದಿಲ್ಲ.

ಈಗ ಮತ್ತೆ ಕಿಂಡಿಯ ಮೇಜಿಗೆ ಬರುತ್ತೇನೆ. ಅಲ್ಲಿ ಎರಡನೆಯ ಮಾನಿಟರು ಇದ್ದರಷ್ಟೇ ಸಾಲದು. ಎರಡು ಪರದೆಗಳನ್ನು ಜೋಡಿಸುವ ಬಗೆ ಎರಡು: ಒಂದು ಕನ್ನಡಿಯ ಬಗೆ, ಇಲ್ಲಿಯದೇ ಅಲ್ಲಿಯೂ ಕಾಣುವುದು; ಇನ್ನೊಂದು ಅಂಗಳದ ಬಗೆ, ಅದು ಇದರ ಮುಂದುವರಿದ ಜಾಗವಾಗುವುದು. ಸಾರ್ವಜನಿಕರ ಕಡೆಗೆ ತಿರುಗಿದ ಪರದೆ ಮೊದಲ ಬಗೆಯದಾಗಿದ್ದರೆ ಏನೂ ಮುಚ್ಚಿಡಲಾಗದು, ನಿಜ. ಆದರೆ ಹಿಂದಿನವನ ಮಾಹಿತಿ ಮುಂದಿನವನಿಗೂ ಕಂಡೀತು. ಅದಕ್ಕಾಗಿ ಒಬ್ಬನ ಕೆಲಸ ಮುಗಿದೊಡನೆ ಅವನ ಪುಟವನ್ನು ಮುಚ್ಚುವ ಶಿಸ್ತು ಬೇಕು. ಪರದೆ ಹೊತ್ತಿರಬೇಕು, ಜನರ ಕಡೆಗೇ ತಿರುಗಿರಬೇಕು, ನಿಂತು ನೋಡುವವನಿಗೆ ಓದಲಾಗುವಷ್ಟು ದೊಡ್ಡ ಅಕ್ಷರಗಳಿರಬೇಕು. ಓದು ಬಾರದವರಿಗೆ ಒಳಗಿನವರು ಓದಿ ಹೇಳಬೇಕು. ಕೇಳಿ ತಿಳಿಯುವ ಹಕ್ಕು ನೋಡಿ ತಿಳಿಯುವ ಹಕ್ಕಿಗಿಂತ ಕಡಿಮೆಯದಲ್ಲ.

ಈ ಮಾತನ್ನು ಇಂದು ಮತ್ತಷ್ಟು ಒತ್ತಿ ಹೇಳಬೇಕಾಗಿದೆ. ಪಹಣಿ ಈಗ ತಾಲೂಕು ಕಿಂಡಿಯಲ್ಲಿ ಮಾತ್ರ ಸಿಗುವ ವಸ್ತುವಲ್ಲ. ಅಂತರ್ಜಾಲದ ಮೂಲಕ ಎಲ್ಲಿಯಾದರೂ ಪಡೆಯಬಹುದು. ಅರ್ಜಿಗಳನ್ನು ತುಂಬಿಕೊಡುವ ಸಣ್ಣ ಅಂಗಡಿಗಳು ಪೇಟೆಪೇಟೆಗೂ ಇವೆ. ಅನುಕೂಲವೇನೋ ಬೆಳೆದಿದೆ. ಆದರೆ ಅಂಥ ಅಂಗಡಿಯ ಮೇಜಿನ ಮೇಲಿರುವುದು ಅನೇಕ ವೇಳೆ ಒಳಮುಖವಾದ ಒಂದೇ ಲ್ಯಾಪ್‌ಟಾಪು. ಎರಡನೆಯ ಪರದೆಯೊಡನೆ ಬಂದಿದ್ದ ವಿವೇಕ ಅಲ್ಲಿಗೆ ತಾನಾಗಿ ಬರಲಾರದು.

ನಮ್ಮ ಪ್ರಾಚೀನ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ತಪ್ಪುಗಳಿದ್ದರೆ ಓದಿದವರು ತಿದ್ದಿಕೊಳ್ಳಬೇಕೆಂದು ಬೇಡಿಕೊಂಡಿರುವುದುಂಟು. ಕಾವ್ಯಕ್ಕೆ ಆ ವಿನಯ ಒಪ್ಪುತ್ತದೆ. ಹೊಲದ ಉತಾರವನ್ನು ಮಾತ್ರ ಓದಿದವನು ಮನೆಯಲ್ಲಿ ತಿದ್ದಿಕೊಳ್ಳಲಾರ. ಆದುದರಿಂದ ನಿಮ್ಮ ಮೇಜಿಗೆ ಎಷ್ಟು ಪರದೆ ಬೇಕೆಂದು ಎಣಿಸುವಾಗ ಹೋಲಿಸಬೇಕಾದ ಬರಹಗಳನ್ನು ಎಣಿಸಿರಿ. ಮೇಜಿನಾಚೆ ಯಾರಾದರೂ ನಿಲ್ಲುವವರಿದ್ದರೆ ಅವರಿಗೆಂದು ಇನ್ನೊಂದನ್ನು ಕೂಡಿಸಿರಿ. ಆಚೆ ನಿಲ್ಲುವವರು ನೀವೇ ಆಗಿದ್ದರೆ, ಗುಂಡಿ ಒತ್ತುವ ಮೊದಲು, ‘ತುಸು ಈ ಕಡೆ ತಿರುಗಿಸ್ರಿ, ನಾವೂ ನೋಡ್ತೀವಿ’ ಎಂದು ಕೇಳಲು ಸಂಕೋಚಪಡಬೇಡಿರಿ.