ಮೈಲುತುತ್ತ: ತೋಟಕ್ಕೆ ಮದ್ದು, ಮನೆಗೆ ವಿಷ

ಕಳೆದ ಚಳಿಗಾಲದಲ್ಲಿ ನಮ್ಮ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಹರಳು ಬೆಳೆಸಿದಳು. ನೋಡಲು ಬಹು ಚೆಂದ, ನವಿಲಿನ ಕತ್ತಿನ ನೀಲಿ. ಪ್ರದರ್ಶನ ಮುಗಿದ ಮೇಲೆ ಅದನ್ನು ಜಾಮಿನ ಬಾಟಲಿಗೆ ತುಂಬಿ, ಅಡಿಗೆಮನೆಯಲ್ಲಿ ಕಲ್ಲುಸಕ್ಕರೆ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದಳು. ಒಂದು ಸಂಜೆ ಅವಳ ಮೂರು ವರ್ಷದ ತಮ್ಮ ಕುರ್ಚಿ ಹತ್ತಿ ಆ ಬಾಟಲಿಗೆ ಕೈ ಹಾಕಿದ್ದ. ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮ ತಾಯಿ ಓಡಿ ಹೋಗಿ ಕಿತ್ತುಕೊಂಡರು. "ಇದು ಮೈಲುತುತ್ತ ಅಲ್ವೇನೋ! ಮಗು ಓಡಾಡೋ ಮನೇಲಿ ಇದನ್ನ ಇಲ್ಲಿ ಇಡ್ತಾರೇನೋ?" ಎಂದು ನನಗೆ ಚೆನ್ನಾಗಿ ಬೈದರು. ರಸಾಯನಶಾಸ್ತ್ರ ಓದಿದವನು ನಾನು, ಗುರುತಿಸಿದವರು ಅವರು!

ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಸಂಸ್ಕೃತದಲ್ಲಿ ಮಯೂರತುತ್ಥ. ಹರಳಿನ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರು. ಚೆನ್ನಾಗಿ ಕಾಯಿಸಿದರೆ ಈ ನೀರು ಹೊರಟು ಹೋಗಿ ಬಿಳಿ ಪುಡಿ ಉಳಿಯುತ್ತದೆ. ಅದಕ್ಕೆ ಒಂದು ಹನಿ ನೀರು ಬಿದ್ದರೆ ಸಾಕು, ಮತ್ತೆ ನೀಲಿ.

ಇದರ ದೊಡ್ಡ ಉಪಯೋಗ ಬೆಳಕಿಗೆ ಬಂದ ಕಥೆ ಸ್ವಾರಸ್ಯವಾಗಿದೆ. ಫ್ರಾನ್ಸಿನ ಬೋರ್ಡೋ ಪ್ರಾಂತದ ರೈತರು ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟು ರೋಗ ತಗಲದ್ದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ, 1885ರಲ್ಲಿ ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ.

ಅದು ನಮ್ಮ ಅಡಿಕೆ ತೋಟಗಳಲ್ಲಿ ನೆಲೆಯೂರಿದ್ದರಲ್ಲಿ ಕೆನಡಾದವರೊಬ್ಬರ ಪಾತ್ರ ದೊಡ್ಡದು. ಟೊರಾಂಟೋದಲ್ಲಿ ಓದಿದ ಡಾ. ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಕೊಳೆರೋಗವನ್ನು ಅಭ್ಯಾಸ ಮಾಡಿ, 1910ರಲ್ಲಿ ವರದಿ ಬರೆದರು. ಅಲ್ಲಿಯವರೆಗೆ ಗೊನೆಗೆ ಕೊಟ್ಟೆ ಕಟ್ಟುವುದೇ ಉಪಾಯವಾಗಿತ್ತು. ಅವರು ಬೋರ್ಡೋ ಸಿಂಪಡಣೆಯನ್ನು ರೂಢಿಗೆ ತಂದರು. ನಾವು ಅಲ್ಲಿಂದ ಇಲ್ಲಿಗೆ ಬರುವ ಎಷ್ಟೋ ಮೊದಲೇ ಇಲ್ಲಿಯವರೊಬ್ಬರು ಅಲ್ಲಿಗೆ ಹೋಗಿ ನಮ್ಮ ಹಿರಿಯರ ಫಸಲು ಉಳಿಸಿದರು!

ಅಳತೆ ಸುಲಭ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕದಡುತ್ತ ಸುರಿಯಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಆಮೇಲೆ ತಿಕ್ಕಿದ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ.

ಇನ್ನು ಅಪಾಯದ ಮಾತು. ನುಂಗಿದರೆ ಬಾಯಲ್ಲಿ ಲೋಹದ ರುಚಿ, ಹೊಟ್ಟೆ ಉರಿ, ನೀಲಿ-ಹಸಿರು ವಾಂತಿ, ಭೇದಿ. ಹೆಚ್ಚಾದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆಯಾಗುತ್ತದೆ; ಪಿತ್ತಜನಕಾಂಗ, ಮೂತ್ರಪಿಂಡಗಳು ಕೆಡುತ್ತವೆ. ದೊಡ್ಡವರಿಗೂ 10-20 ಗ್ರಾಂ ಪ್ರಾಣಕ್ಕೆ ಎರವಾಗಬಹುದು. ಹಿಂದೆ ವಾಂತಿ ಮಾಡಿಸಲು ವೈದ್ಯರೇ ಇದನ್ನು ಕೊಡುತ್ತಿದ್ದರು. ಅಪಾಯ ತಿಳಿದ ಮೇಲೆ ಕೈಬಿಟ್ಟರು. ಕಣ್ಣಿಗೆ ಬಿದ್ದರೆ ಗಾಯವಾಗುತ್ತದೆ. ವರ್ಷಗಟ್ಟಲೆ ದ್ರಾಕ್ಷಿತೋಟಕ್ಕೆ ಸಿಂಪಡಿಸಿದವರ ಶ್ವಾಸಕೋಶ ಕೆಟ್ಟದ್ದನ್ನು ಪೋರ್ಚುಗಲ್ಲಿನ ವೈದ್ಯರು 1969ರಲ್ಲಿ ವರದಿ ಮಾಡಿದ್ದಾರೆ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಡಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ತಾಮ್ರದ ಈ ಗುಣಕ್ಕೇ. ಕಿಲುಬೂ ಇದರ ದಾಯಾದಿಯೇ.

ಮಗು ನುಂಗಿದರೆ ಬಲವಂತವಾಗಿ ವಾಂತಿ ಮಾಡಿಸಬೇಡಿ. ಬಾಯಿ ತೊಳೆಸಿ, ಕೂಡಲೇ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ. ಡಬ್ಬಿಯನ್ನೂ ಕೈಯಲ್ಲಿ ಇಟ್ಟುಕೊಂಡಿರಿ. ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರು ಹಾಕಿ ತೊಳೆಯಿರಿ. ಮಿಕ್ಕಿದ್ದನ್ನು ಸಿಂಕಿಗೆ ಸುರಿಯಬೇಡಿ. ಇದು ಮೀನುಗಳಿಗೆ ಘೋರ ವಿಷ. ನಗರಸಭೆಯವರು ಅಪಾಯಕರ ಕಸ ತೆಗೆದುಕೊಳ್ಳುವ ಜಾಗಕ್ಕೆ ಒಯ್ದು ಕೊಡಿ.

ನಮ್ಮ ಮನೆಯ ಬಾಟಲಿಯೂ ಅಲ್ಲಿಗೇ ಹೋಯಿತು. ವಿಷ ಮಾಹಿತಿ ಕೇಂದ್ರದ ನಂಬರು ಈಗ ಫ್ರಿಜ್ಜಿನ ಬಾಗಿಲ ಮೇಲಿದೆ. ನಿಮ್ಮ ಮನೆಯಲ್ಲೂ ಇರಲಿ.