ಟ್ವೈಲೈಟ್ ಕಥೆಯ ತೋಳ ಎಲ್ಲಿಂದ ಬಂತು?

ಇಂಗ್ಲಿಷ್ ಕಾದಂಬರಿ ಓದಲು ಶುರು ಮಾಡುವ ನಮ್ಮ ವಯಸ್ಸಿನವರ ಕೈಗೆ ಬೇಗ ಸಿಗುವ ಪುಸ್ತಕಗಳಲ್ಲಿ ‘ಟ್ವೈಲೈಟ್’ ಒಂದು. ಪ್ರಥಮ ಪಿಯುಸಿ ಮುಗಿದ ರಜೆಯಲ್ಲಿ ನಾನು ಅದರ ನಾಲ್ಕೂ ಭಾಗಗಳನ್ನು ಓದಿದೆ. ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಲ್ಲಾ ಎಂಬ ಹುಡುಗಿ ತಂದೆಯ ಜೊತೆ ಇರಲು ಫೋರ್ಕ್ಸ್ ಎಂಬ ಸಣ್ಣ ಊರಿಗೆ ಬರುತ್ತಾಳೆ. ಅಲ್ಲಿ ಅವಳನ್ನು ಇಬ್ಬರು ಪ್ರೀತಿಸುತ್ತಾರೆ. ಎಡ್ವರ್ಡ್ ರಕ್ತ ಕುಡಿದು ಬದುಕುವ ವ್ಯಾಂಪೈರ್. ಜೇಕಬ್ ತೋಳವಾಗಿ ಬದಲಾಗಬಲ್ಲ ಯುವಕ. ಬೆಲ್ಲಾ ಒಲಿಯುವುದು ಎಡ್ವರ್ಡ್‌ಗೆ. ಅವಳ ಕಷ್ಟಕಾಲದಲ್ಲಿ ಜೊತೆಗಿದ್ದೂ ಪ್ರೀತಿ ಸಿಗದೆ ಹೋಗುವ ಜೇಕಬ್‌ನ ನೋವು ಎರಡನೇ ಮತ್ತು ಮೂರನೇ ಭಾಗಗಳಲ್ಲಿ ಮನಸ್ಸಿಗೆ ನಾಟುತ್ತದೆ.

ಈ ಪುಸ್ತಕ ಓದಿದವರು ಸಾಮಾನ್ಯವಾಗಿ ಕೇಳುವುದು, ‘ನೀನು ಎಡ್ವರ್ಡ್ ಕಡೆಯೋ, ಜೇಕಬ್ ಕಡೆಯೋ?’ ಎಂದು. ನನಗೆ ಬಂದ ಪ್ರಶ್ನೆ ಬೇರೆ. ಜೇಕಬ್ ತೋಳವಾಗುವುದು ಯಾಕೆ? ಪುಸ್ತಕದ ಉತ್ತರ: ಅವನು ಕ್ವಿಲಿಯೂಟ್ ಬುಡಕಟ್ಟಿನವನು, ಅದು ಅವನ ರಕ್ತದಲ್ಲೇ ಇದೆ. ಜೇಕಬ್ ಕಲ್ಪನೆಯ ಪಾತ್ರ. ಕ್ವಿಲಿಯೂಟರು ಮಾತ್ರ ನಿಜವಾದ ಜನ. ಅವರ ಹೆಸರಿಗೆ ಈ ತೋಳ ಹೇಗೆ ಅಂಟಿಕೊಂಡಿತು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಊರೂ ನಿಜ, ಜನರೂ ನಿಜ

ಫೋರ್ಕ್ಸ್ ಇರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಪಶ್ಚಿಮ ತುದಿಯಲ್ಲಿ. ಜನಸಂಖ್ಯೆ ಮೂರು ಸಾವಿರ ಚಿಲ್ಲರೆ. ಮರ ಕಡಿದು ಸಾಗಿಸುವುದೇ ಬಹುಕಾಲ ಅಲ್ಲಿನ ಮುಖ್ಯ ಉದ್ಯೋಗವಾಗಿತ್ತು. ಲೇಖಕಿ ಸ್ಟೆಫನಿ ಮೇಯರ್ ವಾಸಿಸುತ್ತಿದ್ದದ್ದು ಬಿಸಿಲಿನ ಅರಿಜೋನಾದಲ್ಲಿ. ಬಿಸಿಲು ತಾಗಬಾರದ ಪಾತ್ರಗಳಿಗೆ ಸದಾ ಮೋಡ ಮುಸುಕಿದ ಊರು ಬೇಕಿತ್ತು. 2003ರಲ್ಲಿ ಅವರು ಅಂತರ್ಜಾಲದಲ್ಲಿ ಹೆಚ್ಚು ಮಳೆ ಬೀಳುವ ಜಾಗಕ್ಕಾಗಿ ಹುಡುಕಿ ಫೋರ್ಕ್ಸ್ ಅನ್ನು ಕಂಡುಕೊಂಡರು. ಊರನ್ನು ಕಣ್ಣಾರೆ ನೋಡುವ ಮೊದಲೇ ಕಥೆ ಬರೆದರು. ನಕ್ಷೆಯಲ್ಲಿ ಫೋರ್ಕ್ಸ್ ಪಕ್ಕದ ಸಮುದ್ರತೀರದಲ್ಲಿ ಲಾ ಪುಶ್ ಎಂಬ ಹಳ್ಳಿ ಇತ್ತು. ಅದು ಕ್ವಿಲಿಯೂಟರ ಊರು. ಹೀಗೆ ಅವರೂ ಕಥೆಯೊಳಗೆ ಸೇರಿದರು. ಮೊದಲ ಪುಸ್ತಕ 2005ರಲ್ಲಿ, ಸಿನಿಮಾ 2008ರಲ್ಲಿ ಬಂತು.

ಯುರೋಪಿನ ತೋಳ

ಮನುಷ್ಯ ತೋಳವಾಗುವ ಕಥೆಗಳು ಯುರೋಪಿನಲ್ಲಿ ಬಹಳ ಹಳೆಯವು. ‘ವೇರ್‌ವುಲ್ಫ್’ ಎಂಬ ಪದದ ‘ವೇರ್’ ಎಂದರೆ ಹಳೆಯ ಇಂಗ್ಲಿಷ್‌ನಲ್ಲಿ ಗಂಡಸು. 12ನೇ ಶತಮಾನದಲ್ಲಿ ಮಾರಿ ದ ಫ್ರಾನ್ಸ್ ಎಂಬ ಕವಯಿತ್ರಿ ‘ಬಿಸ್ಕ್ಲಾವ್ರೆ’ ಎಂಬ ಕಥನಕಾವ್ಯ ಬರೆದರು. ಅದರ ನಾಯಕ ವಾರದಲ್ಲಿ ಮೂರು ದಿನ ತೋಳವಾಗುವ ಒಬ್ಬ ಶ್ರೀಮಂತ. ಹೆಂಡತಿ ಅವನ ಬಟ್ಟೆಗಳನ್ನು ಕದಿಯುವಂತೆ ಮಾಡುವುದರಿಂದ ಅವನಿಗೆ ಮತ್ತೆ ಮನುಷ್ಯನಾಗಲು ಆಗುವುದಿಲ್ಲ. ತೋಳದ ರೂಪದಲ್ಲೇ ರಾಜನ ಬಳಿ ಸೌಮ್ಯವಾಗಿ ಬದುಕುತ್ತಾನೆ, ತನಗೆ ದ್ರೋಹ ಮಾಡಿದವರ ಮೇಲೆ ಮಾತ್ರ ಎರಗುತ್ತಾನೆ.

ಮುಂದೆ ಈ ನಂಬಿಕೆ ಕ್ರೂರವಾಯಿತು. 1589ರಲ್ಲಿ ಜರ್ಮನಿಯ ಕಲೋನ್ ಬಳಿ ಪೀಟರ್ ಸ್ಟುಂಪ್ ಎಂಬ ರೈತನನ್ನು ತೋಳಮಾನವನೆಂದು ಆರೋಪಿಸಿ ಕೊಂದರು. 20ನೇ ಶತಮಾನದಲ್ಲಿ ತೋಳ ಸಿನಿಮಾಕ್ಕೆ ಬಂತು. ಬೆಳ್ಳಿಗೆ ತೋಳಮಾನವ ಸಾಯುತ್ತಾನೆ ಎಂಬುದನ್ನು ಜನಪ್ರಿಯಗೊಳಿಸಿದ್ದು 1941ರ ‘ದಿ ವುಲ್ಫ್ ಮ್ಯಾನ್’ ಚಿತ್ರ. ಅಲ್ಲಿಂದ ಈಚೆಗೆ ತೋಳಮಾನವ ಎಂದರೆ ಹೆಚ್ಚಾಗಿ ಒಂದೇ ಅರ್ಥ: ತನ್ನ ಮೇಲೆ ಹಿಡಿತ ತಪ್ಪಿದ ಗಂಡಸು.

ಕ್ವಿಲಿಯೂಟರ ತೋಳ

ಕ್ವಿಲಿಯೂಟರ ಮೂಲಕಥೆಯಲ್ಲೂ ತೋಳ ಇದೆ. ಆದರೆ ಅದು ಸಾಗುವುದು ಎದುರು ದಿಕ್ಕಿನಲ್ಲಿ. ಲೋಕವನ್ನು ತಿದ್ದುತ್ತಾ ಬಂದ ಕ್ವಾಟಿ ಎಂಬ ರೂಪಪರಿವರ್ತಕ ಎರಡು ತೋಳಗಳನ್ನು ಮನುಷ್ಯರನ್ನಾಗಿ ಮಾಡಿದ, ಅವರಿಂದ ತಮ್ಮ ಕುಲ ಹುಟ್ಟಿತು ಎಂದು ಅವರು ಹೇಳುತ್ತಾರೆ. ಇಲ್ಲಿ ಮನುಷ್ಯ ಮೃಗವಾಗುವುದಿಲ್ಲ. ತೋಳ ಅವರ ಪೂರ್ವಜ, ಗೌರವದ ನಂಟು. ತೋಳದ ಶಿರೋಭೂಷಣ ಧರಿಸಿ ನರ್ತಿಸುವ ಸಂಪ್ರದಾಯವೂ ಅವರಲ್ಲಿದೆ.

ಕಾದಂಬರಿ ಯುರೋಪಿನ ಅರ್ಥವನ್ನು ತೆಗೆದುಕೊಂಡು ಕ್ವಿಲಿಯೂಟರ ಹೆಸರಿಗೆ ಜೋಡಿಸಿತು. ಕೊನೆಯ ಭಾಗದಲ್ಲಿ ಇವರು ವೇರ್‌ವುಲ್ಫ್‌ಗಳಲ್ಲ, ರೂಪ ಬದಲಿಸುವವರು ಎಂಬ ಮಾತು ಬರುತ್ತದೆ ನಿಜ. ಆದರೆ ಗುಣ ಮಾತ್ರ ಹಳೆಯ ತೋಳಮಾನವನದ್ದೇ.

ಸ್ಯಾಮ್ ಮತ್ತು ಎಮಿಲಿ

ಇದಕ್ಕೆ ಪುಸ್ತಕದಲ್ಲೇ ಒಂದು ಉದಾಹರಣೆ ಇದೆ. ತೋಳಗುಂಪಿನ ನಾಯಕ ಸ್ಯಾಮ್, ಲೇಯಾ ಎಂಬ ಹುಡುಗಿಯನ್ನು ಪ್ರೀತಿಸುತ್ತಿರುತ್ತಾನೆ. ಒಂದು ದಿನ ಅವಳ ಸೋದರಸಂಬಂಧಿ ಎಮಿಲಿಯನ್ನು ನೋಡಿದ ಕ್ಷಣದಲ್ಲೇ ಅವನ ಮನಸ್ಸು ಅವಳಿಗೆ ಕಟ್ಟುಬೀಳುತ್ತದೆ. ಅದು ತೋಳಗಳ ವಿಧಿ, ಅಲ್ಲಿ ಆಯ್ಕೆಯೇ ಇಲ್ಲ ಎನ್ನುತ್ತದೆ ಕಥೆ. ಮುಂದೆ ಎಮಿಲಿ ಹತ್ತಿರ ನಿಂತಿದ್ದಾಗಲೇ ಸ್ಯಾಮ್ ಕೋಪದಲ್ಲಿ ತೋಳವಾಗುತ್ತಾನೆ. ಅವಳ ಮುಖದ ಮೇಲೆ ಶಾಶ್ವತ ಗಾಯದ ಗುರುತು ಉಳಿಯುತ್ತದೆ. ಅವನು ಪಶ್ಚಾತ್ತಾಪ ಪಡುತ್ತಾನೆ, ಅವಳು ಕ್ಷಮಿಸುತ್ತಾಳೆ.

ಈ ಭಾಗ ಓದುವಾಗ ಸ್ಯಾಮ್ ಮೇಲೂ ಕನಿಕರ ಹುಟ್ಟುತ್ತದೆ. ಬರಹದ ಶಕ್ತಿ ಅದು. ಆದರೆ ಇದೇ ಕಥೆಯ ವ್ಯಾಂಪೈರ್ ಕುಟುಂಬವನ್ನು ಪಕ್ಕದಲ್ಲಿಟ್ಟು ನೋಡಿ. ಅವರು ಬಿಳಿಯರು, ದೊಡ್ಡ ಮನೆಯವರು. ತಂದೆ ವೈದ್ಯ, ಮಗ ಪಿಯಾನೊ ನುಡಿಸುತ್ತಾನೆ. ಮನುಷ್ಯರ ರಕ್ತದ ಆಸೆಯನ್ನು ಅವರು ಸಂಯಮದಿಂದ ಗೆದ್ದಿದ್ದಾರೆ. ಬುಡಕಟ್ಟಿನ ಯುವಕರಿಗೋ ಬಿಸಿ ಮೈ, ಬರೀ ಮೈ, ಮೂಗಿನ ತುದಿಯಲ್ಲೇ ಕೋಪ. ಸಂಯಮ ಒಬ್ಬರಿಗೆ ಸಾಧನೆ, ಕೋಪ ಇನ್ನೊಬ್ಬರಿಗೆ ಹುಟ್ಟುಗುಣ!

ಕೋಪ ಬಂದಾಗ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವವನೇ ಬಲಶಾಲಿ ಎಂದು ಪ್ರವಾದಿ (ಸ) ಅವರು ಕಲಿಸಿದ್ದನ್ನು ನಾವು ಬಾಲ್ಯದಿಂದಲೇ ಕೇಳಿದ್ದೇವೆ. ಆ ಪಾಠ ಎಲ್ಲ ಮನುಷ್ಯರಿಗೂ ಅನ್ವಯಿಸುತ್ತದೆ. ಒಂದು ಇಡೀ ಕುಲಕ್ಕೆ ಅದು ರಕ್ತದಲ್ಲೇ ಅಸಾಧ್ಯ ಎಂದು ತೋರಿಸುವುದು ಆ ಕುಲದ ಮನುಷ್ಯತ್ವವನ್ನೇ ಕಡಿಮೆ ಮಾಡಿದಂತೆ. ಸಿನಿಮಾದಲ್ಲಿ ಟೋಪಿ ಹಾಕಿ, ಕಣ್ಣಿಗೆ ಸುರ್ಮಾ ಹಚ್ಚಿದ ಪಾತ್ರ ಬಂದ ಕೂಡಲೇ ಹಿನ್ನೆಲೆ ಸಂಗೀತ ಬದಲಾಗುವುದನ್ನು ನೋಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಾಯಿತು, ಆಮೇಲೆ?

ಪುಸ್ತಕ ಪ್ರಸಿದ್ಧವಾದ ಮೇಲೆ ಲಾ ಪುಶ್‌ಗೆ ಪ್ರವಾಸಿಗರು ಬರತೊಡಗಿದರು. ಕ್ವಿಲಿಯೂಟರು ಅವರನ್ನು ಸ್ವಾಗತಿಸಿದರು. ಆದರೆ ಅವರ ಹೆಸರಿನ ಸರಕುಗಳನ್ನು ಮಾರಿ ಲಾಭ ಮಾಡಿಕೊಂಡವರು ಹೆಚ್ಚಾಗಿ ಹೊರಗಿನವರು. ಒಂದು ಚಿತ್ರೀಕರಣ ತಂಡವಂತೂ ಅನುಮತಿ ಇಲ್ಲದೆ ಅವರ ಸ್ಮಶಾನಕ್ಕೆ ನುಗ್ಗಿ, ಅಲ್ಲಿನ ಸಮಾಧಿಗಳನ್ನು ಭಯಾನಕ ದೃಶ್ಯದಂತೆ ತೋರಿಸಿತು. ನಮ್ಮೂರಿನ ಖಬರಸ್ತಾನಕ್ಕೆ ಯಾರಾದರೂ ಹೀಗೆ ಕ್ಯಾಮೆರಾ ಹಿಡಿದು ಬಂದರೆ ನಮಗೆ ಏನನಿಸಬಹುದು? ಕ್ವಿಲಿಯೂಟರು ಆಕ್ಷೇಪಿಸಿದ ಮೇಲೆ ಆ ವಿಡಿಯೊವನ್ನು ತೆಗೆದುಹಾಕಲಾಯಿತು. 2010ರಲ್ಲಿ ಸಿಯಾಟಲ್ ಕಲಾ ಸಂಗ್ರಹಾಲಯ ಅವರ ಜೊತೆ ಸೇರಿ, ಅವರ ತೋಳಗಳ ನಿಜವಾದ ಕಥೆ ಹೇಳುವ ಪ್ರದರ್ಶನವನ್ನು ಏರ್ಪಡಿಸಿತು.

ಅವರ ನಿಜವಾದ ಕಥೆಯೂ ಕಾದಂಬರಿಗಿಂತ ಕಡಿಮೆಯದ್ದಲ್ಲ. 1889ರಲ್ಲಿ ಹಳ್ಳಿಯವರೆಲ್ಲ ದೂರದ ತೋಟಗಳಿಗೆ ಕೂಲಿಗೆ ಹೋಗಿದ್ದಾಗ ಬಿಳಿಯ ವಲಸಿಗನೊಬ್ಬ ಅವರ 26 ಮನೆಗಳನ್ನೂ ಸುಟ್ಟುಹಾಕಿದ. ಕೆತ್ತಿದ ಮುಖವಾಡಗಳು, ಬುಟ್ಟಿಗಳು, ಹಳೆಯ ಸಲಕರಣೆಗಳು ಬೂದಿಯಾದವು. ಅದೇ ವರ್ಷ ಸರ್ಕಾರ ಅವರಿಗೆ ಗುರುತಿಸಿಕೊಟ್ಟದ್ದು ಸುಮಾರು ಒಂದು ಚದರ ಮೈಲಿ ನೆಲ. ಅವರ ಭಾಷೆಯೂ ವಿಶಿಷ್ಟ. ನಮ್ಮ ಮ, ನ ಗಳಂಥ ಅನುನಾಸಿಕ ಧ್ವನಿಗಳೇ ಇಲ್ಲದ, ಲೋಕದ ಕೆಲವೇ ಭಾಷೆಗಳಲ್ಲಿ ಅದೊಂದು. ಅದನ್ನು ಉಳಿಸಿಕೊಳ್ಳಲು ಅವರು ಶ್ರಮಿಸುತ್ತಿದ್ದಾರೆ.

ಆ ತೀರಕ್ಕೆ ಸುನಾಮಿಯ ಅಪಾಯವೂ ಇದೆ. 1700ರಲ್ಲಿ ಅಲ್ಲಿ ಭಾರೀ ಭೂಕಂಪವಾಗಿತ್ತು. ಇಷ್ಟಾದರೂ ಮಕ್ಕಳ ಶಾಲೆ ಇದ್ದದ್ದು ಸಮುದ್ರದ ಅಂಚಿನಲ್ಲೇ. ದೀರ್ಘ ಪ್ರಯತ್ನದ ನಂತರ 2012ರಲ್ಲಿ ಪಕ್ಕದ ರಾಷ್ಟ್ರೀಯ ಉದ್ಯಾನದ 785 ಎಕರೆ ಜಾಗವನ್ನು ಅವರಿಗೆ ಕೊಡುವ ಕಾನೂನಿಗೆ ಅಧ್ಯಕ್ಷ ಒಬಾಮ ಸಹಿ ಹಾಕಿದರು. 2022ರಲ್ಲಿ ಎತ್ತರದ ಜಾಗದಲ್ಲಿ ಹೊಸ ಶಾಲೆ ತೆರೆಯಿತು.

‘ಟ್ವೈಲೈಟ್’ ಓದಬೇಡಿ ಎಂದು ನಾನು ಹೇಳುತ್ತಿಲ್ಲ. ಓದಿ, ಜೇಕಬ್‌ಗಾಗಿ ಮರುಗಿ. ಆದರೆ ಕಥೆಯೊಂದು ನಿಜವಾದ ಜನರ ಹೆಸರನ್ನು ಎತ್ತಿಕೊಂಡಾಗ, ಆ ಜನ ತಮ್ಮ ಬಗ್ಗೆ ತಾವೇ ಏನು ಹೇಳಿಕೊಂಡಿದ್ದಾರೆ ಎಂಬುದನ್ನೂ ಒಮ್ಮೆ ಹುಡುಕಿ ನೋಡಿ. ಜೇಕಬ್‌ನ ಹೆಸರು ಲೋಕಕ್ಕೆಲ್ಲ ಗೊತ್ತು. ಗುಡ್ಡದ ಮೇಲಿನ ಆ ಶಾಲೆಯ ಸುದ್ದಿಯೂ ನಾಲ್ಕು ಜನರಿಗೆ ಗೊತ್ತಾಗಲಿ.